ಕ್ಷೇಮ ಎಂದ ಮೇಲೆ ಉಳಿಯುವ ಮಾತು

ಉಲಾನ್‌ಬಾತರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿಶ್ವವಿದ್ಯಾಲಯದ ಹಿಂದಿನ ಅಂಗಳದಲ್ಲಿರುವ ಉಣ್ಣೆಯ ಗುಡಾರದೊಳಗೆ ಯಾಂಜ್ಮಾ ಒಲೆ ಹೊತ್ತಿಸಿ, ಉಪ್ಪು ಹಾಕಿದ ಹಾಲು ಚಹಾವನ್ನು ಸೌಟಿನಲ್ಲಿ ಎತ್ತೆತ್ತಿ ಹೊಯ್ಯುತ್ತಿದ್ದಾರೆ. ಮೊದಲ ಸೌಟು ಆಕಾಶಕ್ಕೆ. ಹೊರಗೆ ಹೋಗಿ ಅದನ್ನು ಎರಚುವಾಗಲೂ ಅವರ ಇನ್ನೊಂದು ಕೈಯಲ್ಲಿ ಫೋನ್ ಇದೆ. ದೂರದ ಅರ್ಖಾಂಗಾಯ್ ಪ್ರಾಂತ್ಯದ ಕಡೆ ಹಿಮಗಾಳಿ ಬೀಸಿದೆ. ಅಲ್ಲಿ ಕುರಿಗಾಹಿ ಸಂದಗ್ ಮನೆಯಲ್ಲಿರುವ ಬಲ್ಗೇರಿಯದ ವಿದ್ಯಾರ್ಥಿನಿ ರಾಲಿತ್ಸಾ ಕುದುರೆಯಿಂದ ಬಿದ್ದಳಂತೆ ಎಂದು ಆ ದಾರಿಯಲ್ಲಿ ಬಂದ ಲಾರಿಯವನೊಬ್ಬ ನಿನ್ನೆ ಹೇಳಿ ಹೋಗಿದ್ದಾನೆ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿಲ್ಲ.

ಹೊರದೇಶಗಳಲ್ಲಿ ಮಂಗೋಲ್ ಭಾಷೆ, ಸಂಸ್ಕೃತಿಗಳ ಅಧ್ಯಯನ ಬೆಳೆಸುವ ಕೇಂದ್ರ ಇದು. ಅಲ್ಲಿಂದ ಬರುವ ವಿದ್ಯಾರ್ಥಿಗಳು ಇಲ್ಲಿ ಓದಿ, ಕೆಲಕಾಲ ಕುರಿಗಾಹಿಗಳ ಮನೆಯಲ್ಲಿದ್ದು ಕಲಿಯುತ್ತಾರೆ. ಕೇಂದ್ರದ ಬಣ್ಣದ ಕೈಪಿಡಿಯಲ್ಲಿ ಪ್ರಾಧ್ಯಾಪಕರಿದ್ದಾರೆ, ಹದ್ದು ಇದೆ, ಓಡುವ ಕುದುರೆಯೂ ಇದೆ. ಯಾಂಜ್ಮಾ ಇಲ್ಲ. ಕಡತದ ಪ್ರಕಾರ ಅವರು ಕಸ ಗುಡಿಸುವವರು. ಆದರೆ ಯಾವ ವಿದ್ಯಾರ್ಥಿ ಯಾವ ಕುರಿಗಾಹಿಯ ಮನೆಗೆ ಹೊಂದುತ್ತಾನೆ ಎಂದು ನೋಡಿ ಕಳಿಸುವವರು, ಕಳಿಸಿದ ಮೇಲೆ ನಿದ್ದೆಗೆಡುವವರು ಅವರೇ. ವರ್ಷಕ್ಕೆ ಮೂವತ್ತು ಮಂದಿಯಾದರೂ ಹೀಗೆ ಹೋಗಿ ಬರುತ್ತಾರೆ.

"ಪಾಠ ಮೇಷ್ಟ್ರು ಹೇಳ್ಕೊಡ್ತಾರೆ. ಹೊಸಿಲು ತುಳೀಬೇಡ, ಬಟ್ಟಲನ್ನ ಬಲಗೈಯಲ್ಲಿ ತಗೋ, ಇದೆಲ್ಲ ನಂದು," ಎನ್ನುತ್ತಾರೆ. "ಎಲ್ಲಕ್ಕಿಂತ ಮೊದಲು ಹೇಳೋದು ಒಂದೇ. ಯಾರಾದ್ರೂ ಹೇಗಿದೀರಿ ಅಂದ್ರೆ ಕ್ಷೇಮ ಅನ್ನು. ದನಕರು ಕ್ಷೇಮ, ಮನೆಮಂದಿ ಕ್ಷೇಮ. ಕಷ್ಟ ಇದ್ರೆ ಆಮೇಲೆ ಹೇಳು. ಬಂದೋರ ಮುಖಕ್ಕೆ ಹೊಡೆದ ಹಾಗೆ ಹೇಳ್ಬಾರದು."

ಈಗ ಅದೇ ಪಾಠ ಅವರ ಜೀವ ಹಿಂಡುತ್ತಿದೆ. ಚಹಾ ಎರಚಿ ಒಳಗೆ ಬರುವ ಹೊತ್ತಿಗೆ ಸಂದಗ್ ಫೋನ್ ಮಾಡುತ್ತಾನೆ. ಸಿಗ್ನಲ್ ಸಿಗಬೇಕಾದರೆ ಅವನು ಗುಡ್ಡ ಹತ್ತಬೇಕು. ಆ ಚಳಿಗೆ ಫೋನಿನ ಬ್ಯಾಟರಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

"ಅಕ್ಕಾ, ಚಳಿಗಾಲ ಸುಖವಾಗಿ ಕಳೀತಿದೀರಾ?"

"ಸುಖವಾಗಿದೀವಪ್ಪ. ಕುರಿ, ಕುದುರೆ ಮೈತುಂಬಿಕೊಂಡಿವೆಯಾ?"

"ತುಂಬಿಕೊಂಡಿವೆ. ಎಲ್ಲಾ ಕ್ಷೇಮ."

"ನಮ್ಮ ಹುಡುಗಿ?"

"ಅವಳೂ ಕ್ಷೇಮ ಅಕ್ಕಾ. ಅಂದ್ಹಾಗೆ..."

ಅಷ್ಟೇ. ಫೋನ್ ಸತ್ತಿತು. ಬಾಗಿಲಲ್ಲಿ ನಿಂತು ಬೂಟಿನ ಹಿಮ ಒದರುತ್ತಿದ್ದ ಕೇಂದ್ರದ ಜೀಪಿನ ಚಾಲಕ ದಾಮ್ದಿನ್ ನಗುತ್ತಾನೆ. "ಕ್ಷೇಮ ಅಂದ್ನಲ್ಲ ಅಕ್ಕಾ! ಇನ್ನೇನು ಬೇಕು ನಿಮಗೆ?"

"ಬಾಯ್ಮುಚ್ಚು. ನಿನ್ನ ಗಾಡಿ ಕಣಿವೇಲಿ ಪಲ್ಟಿಯಾದಾಗ ನೀನೂ ಕ್ಷೇಮ ಅಂತಲೇ ಅಂದಿದ್ದೆ."

ಯಾಂಜ್ಮಾ ಹೆದರುವುದು ಸುಮ್ಮನೆ ಅಲ್ಲ. ಅವರಿಗೆ ಹತ್ತೊಂಬತ್ತು ವರ್ಷವಾಗಿದ್ದ ಚಳಿಗಾಲದಲ್ಲಿ ಹುಲ್ಲಿನ ಮೇಲೆ ಹಿಮ ಕಲ್ಲಿನಂತೆ ಗಟ್ಟಿಯಾಗಿ ಇಡೀ ಹಿಂಡು ಸತ್ತುಹೋಯಿತು. ಗುಡಾರದ ಹಿಂದೆ ಕುರಿಗಳ ಹೆಣಗಳು ರಾಶಿಬಿದ್ದಿದ್ದವು. ಆ ದಿನ ಬಂದ ನೆಂಟನಿಗೆ ಅಪ್ಪ ಹೇಳಿದ್ದೂ ಅದೇ ಮಾತು, ಸುಖವಾಗಿದೀವಿ ಎಂದು. ಎರಡನೆಯ ಬಟ್ಟಲು ಚಹಾ ಮುಗಿದ ಮೇಲಷ್ಟೇ ಅಪ್ಪ ಅತ್ತದ್ದು. ವಸಂತದಲ್ಲಿ ಮನೆಯವರೆಲ್ಲ ನಗರಕ್ಕೆ ಬಂದರು. ಇಟ್ಟಿಗೆ ಹೊತ್ತು, ಹೋಟೆಲಿನಲ್ಲಿ ಪಾತ್ರೆ ತೊಳೆದು, ಕೊನೆಗೆ ಯಾಂಜ್ಮಾ ಪೊರಕೆ ಹಿಡಿದು ಈ ಕೇಂದ್ರ ಸೇರಿದರು.

ನಿರ್ದೇಶಕರು ನಿನ್ನೆಯೇ ಗೊಣಗಿದ್ದಾರೆ, ಆ ಹುಡುಗಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಇನ್ನು ಯಾರನ್ನೂ ಹಳ್ಳಿಗೆ ಕಳಿಸುವುದಿಲ್ಲ ಎಂದು. ಯಾಂಜ್ಮಾಗೆ ಈಗ ಅದರ ಚಿಂತೆಯೂ ಇಲ್ಲ. "ಎಲ್ಲಿ ಪೆಟ್ಟಾಗಿದೆಯೋ. ತಲೆಗೋ ಏನೋ. ಅವಳಮ್ಮ ಕೇಳಿದ್ರೆ ನಾನು ಯಾವ ಬಾಯಲ್ಲಿ ಕ್ಷೇಮ ಅನ್ಲಿ?" ಒಲೆಯ ಮುಂದೆ ಕೂರುತ್ತಾರೆ, ಏಳುತ್ತಾರೆ, ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಾರೆ. ಚಹಾ ಆರಿ ಮೇಲೆ ಕೆನೆ ಕಟ್ಟಿದೆ.

ಮಧ್ಯಾಹ್ನದ ಹೊತ್ತಿಗೆ ಫೋನ್ ಬಡಿದುಕೊಳ್ಳುತ್ತದೆ. ಈ ಸಲ ರಾಲಿತ್ಸಾಳದೇ ದನಿ, ಗಾಳಿಯ ನಡುವೆ.

"ಯಾಂಜ್ಮಾ ಅಕ್ಕಾ, ಚಳಿಗಾಲ ಸುಖವಾಗಿ ಕಳೀತಿದೀರಾ?"

"ಸುಖ, ಸುಖ. ನೀನು?"

"ಸುಖವಾಗಿದೀನಿ. ಕುರಿಮರಿಗಳು ಕ್ಷೇಮ. ಸಂದಗ್ ಅಣ್ಣ, ಅತ್ತಿಗೆ ಕ್ಷೇಮ. ನಿಮ್ಮ ಮಂಡಿನೋವು ಹೇಗಿದೆ?"

ಮಂಡಿ ಹಾಳಾಗಿ ಹೋಗಲಿ ಎಂದು ಕಿರುಚಬೇಕೆನಿಸುತ್ತದೆ ಯಾಂಜ್ಮಾಗೆ. ಕಲಿಸಿದವರು ತಾವೇ, ನಡುವೆ ಬಾಯಿ ಹಾಕುವಂತಿಲ್ಲ. "ಕ್ಷೇಮ," ಎನ್ನುತ್ತಾರೆ.

"ಅಂದ್ಹಾಗೆ ಅಕ್ಕಾ, ನನ್ನ ಎಡಗೈ ಮುರಿದಿದೆ. ಅಣ್ಣ ಹಲಗೆ ಕಟ್ಟಿದಾರೆ. ತಲೆಗೇನೂ ಆಗಿಲ್ಲ. ನೀವು ಬರ್ತೀರಾ?"

ಯಾಂಜ್ಮಾ ದೇಲ್ ನಿಲುವಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ದಾಮ್ದಿನ್ ಆಗಲೇ ಜೀಪು ಬಿಸಿ ಮಾಡಲು ಓಡಿದ್ದಾನೆ. ಅವರು ಚಹಾವನ್ನು ಮತ್ತೆ ಕುದಿಸಿ ಫ್ಲಾಸ್ಕಿಗೆ ತುಂಬುತ್ತಾರೆ, ಕುರಿಚರ್ಮದ ಹೊದಿಕೆಯನ್ನು ಕಂಕುಳಲ್ಲಿ ಇರುಕಿಕೊಳ್ಳುತ್ತಾರೆ. "ಮುರಿದ ಕೈ ಇಟ್ಕೊಂಡು ನನ್ನ ಮಂಡಿ ವಿಚಾರಿಸಿದ್ಳು ನೋಡಿ," ಎನ್ನುತ್ತಾರೆ. "ಒಂದೇ ಒಂದು ಸಲ ಯಾರಾದ್ರೂ ಕೆಟ್ಟ ಸುದ್ದೀನೇ ಮೊದಲು ಹೇಳ್ಲಿ ಅನ್ಸುತ್ತೆ ನಂಗೆ. ಆದ್ರೆ ಹಾಗೆ ಕಲಿಸೋದಕ್ಕೆ ನಂಗೆ ಬರೋದಿಲ್ಲ."

ಗೇಟಿನಲ್ಲಿ ನಿರ್ದೇಶಕರು ಜೀಪಿಗೆ ಅಡ್ಡ ನಿಲ್ಲುತ್ತಾರೆ. "ಯಾಂಜ್ಮಾ, ಹುಡುಗಿ ಹೇಗಿದಾಳೆ?"

"ಕ್ಷೇಮ ಸಾರ್. ಮರಿಗಳೂ ಕ್ಷೇಮ." ಯಾಂಜ್ಮಾ ಗಾಜು ಏರಿಸುತ್ತಾರೆ. "ಉಳಿದದ್ದು ಅವಳನ್ನ ಕರ್ಕೊಂಡು ಬಂದು, ಚಹಾ ಆದಮೇಲೆ ಹೇಳ್ತೀನಿ."