ಮಾವು ತಿಂದ ಬಾಯಿಗೆ ಹಾಲು

ಹೆದರದೆ ಒಂದು ತುತ್ತು ನುಂಗಿದವಳಲ್ಲ ಜೊವಿನಾ ಅಜ್ಜಿ. ಕತ್ತಲಾದ ಮೇಲೆ ಬಾಳೆಹಣ್ಣು ಮುಟ್ಟಳು. ಬಿಸಿ ಕಾಫಿ ಕುಡಿದ ಬಾಯಲ್ಲಿ ಹೊಸ್ತಿಲು ದಾಟಳು, ತಣ್ಣನೆ ಗಾಳಿ ತಗುಲಿ ಮೂತಿ ಸೊಟ್ಟಗಾದೀತೆಂದು. ಗಂಡ ಬದುಕಿದ್ದಾಗ ಕಲ್ಲಂಗಡಿ ತಿಂದು ಮೇಲೆ ಸಾರಾಯಿ ಕುಡಿದು ಬಂದರೆ ಬೈಯುವುದನ್ನೂ ಮರೆತು ಅವನ ಮೂಗಿನ ಮುಂದೆ ಬೆರಳು ಹಿಡಿದು ಉಸಿರು ನೋಡುತ್ತ ಕೂರುತ್ತಿದ್ದಳು. ಆತ ಕೊನೆಗೆ ಸತ್ತದ್ದು ತೆಂಗಿನ ಮರದಿಂದ ಬಿದ್ದು. ಆದರೂ ಆ ದಿನ ಬೆಳಗ್ಗೆ ಅವನು ಏನೇನು ತಿಂದಿದ್ದನೆಂದು ಸಾವಿಗೆ ಬಂದವರಿಗೆಲ್ಲ ಹೇಳಿದಳು.

ಪರಾಗುವಾಸು ಹೊಳೆಯ ದಡದ ನಮ್ಮ ಬೀದಿಯಲ್ಲಿ ಹೆಂಗಸರೆಲ್ಲ ಮನೆಯಲ್ಲೇ ಕೂತು ಚುಟ್ಟ ಸುತ್ತುವವರು. ನಮ್ಮ ಬ್ರೆಜಿಲಿನ ದೊಡ್ಡ ದೊಡ್ಡ ಸಾಹೇಬರ ಬಾಯಲ್ಲಿ ಹೊಗೆಯಾಡುವ ಚುಟ್ಟ ನಮ್ಮವರ ಕೈಯದೇ. ಬೆರಳಿಗೆ ಕೆಲಸವಿದ್ದರೆ ಸಾಕೇ, ಬಾಯಿಗೂ ಬೇಕಲ್ಲ. ಜೊವಿನಾಳ ಬಾಳೆಹಣ್ಣು, ಜೊವಿನಾಳ ಕಾಫಿ ಎಂದು ಗೇಲಿ ನಡೆದೇ ಇರುತ್ತಿತ್ತು. ಆದರೆ ಮಾವು ಮತ್ತು ಹಾಲಿನ ಮಾತು ಬಂದಾಗ ಯಾರೂ ನಗುತ್ತಿರಲಿಲ್ಲ. ಮಾವು ತಿಂದ ಮೇಲೆ ಹಾಲು ಕುಡಿದರೆ ಹೊತ್ತು ಮುಳುಗುವುದರೊಳಗೆ ಸಾವು. ಇದನ್ನು ಜನ ನಂಬುತ್ತಿದ್ದರು ಎನ್ನುವಂತಿಲ್ಲ, ಎಲ್ಲರಿಗೂ ಗೊತ್ತಿತ್ತು, ಅಷ್ಟೆ. ಕ್ರಿಸ್ಮಸ್ ಕಳೆದು ಮಾವು ಬೀಳಲು ಶುರುವಾಯಿತೆಂದರೆ, ಯಾರ ಮನೆಯಲ್ಲೇ ಆಗಲಿ ಮಗುವಿನ ಕೈಗೆ ಹಾಲಿನ ಲೋಟ ಕೊಡುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು: ಮಾವು ತಿಂದಿದ್ದೀಯಾ? ತಿನ್ನದ ಮಗು ಯಾವುದು? ನೆಲದ ಮೇಲೆಲ್ಲ ಹಣ್ಣು. ಹಾಗಾಗಿ ಎರಡು ಮೂರು ತಿಂಗಳು ನಮ್ಮ ಬೀದಿಯ ಮಕ್ಕಳಿಗೆ ಹಾಲಿನ ರುಚಿಯೇ ಇರುತ್ತಿರಲಿಲ್ಲ. ಒಮ್ಮೆ ಯಾರೋ ಪುಣ್ಯಾತ್ಮರು ಕೊಟ್ಟ ಹಾಲನ್ನು ಜೊವಿನಾ ತನ್ನ ಸೊರಗಿದ ಮಗಳ ಕಣ್ಣೆದುರೇ ಮಣ್ಣಿಗೆ ಸುರಿದಿದ್ದಳು. ಹಾಗೆ ಸುರಿದ ತಾಯಿಯನ್ನು ಬೀದಿಯೆಲ್ಲ ಹೊಗಳಿತ್ತು.

ಜೊವಿನಾಳಿಗೆ ಇದನ್ನು ಹೇಳಿದ್ದು ಅವಳ ಅಜ್ಜಿ ಫೆಲಿಪಾ. ಆಕೆ ಕಬ್ಬಿನ ಗಾಣದ ದೊಡ್ಡಮನೆಯಲ್ಲಿ ಗುಲಾಮಳಾಗಿ ಹುಟ್ಟಿದವಳು, ಕಣ್ಣಾರೆ ಕಂಡಿದ್ದಳಂತೆ. ಸಿಮಾವ್ ಎಂಬ ಆಳು ಮಾವು ತಿಂದು, ಕೊಟ್ಟಿಗೆಗೆ ನುಗ್ಗಿ ಹಾಲು ಕುಡಿದ. ಮರುದಿನ ಕೊಟ್ಟಿಗೆಯ ಬಾಗಿಲಲ್ಲೇ ಹೆಣವಾಗಿ ಬಿದ್ದಿದ್ದ. ಒಡತಿ ಎಲ್ಲ ಆಳುಗಳನ್ನೂ ಮಕ್ಕಳನ್ನೂ ಸಾಲಾಗಿ ಕರೆಸಿ ತೋರಿಸಿದಳು. ತುಟಿಯ ಮೇಲೆ ಹಾಲು ಒಣಗಿತ್ತು, ಕುತ್ತಿಗೆಯಿಂದ ಪಾದದವರೆಗೆ ಗೋಣಿ ಹೊದಿಸಿತ್ತು, ಮುಖವೊಂದೇ ಕಾಣುತ್ತಿತ್ತು. ಫೆಲಿಪಾ ಈ ಕಥೆ ಹೇಳಿದಾಗಲೆಲ್ಲ ಗೋಣಿಯನ್ನು ಬಿಡದೆ ಹೇಳುತ್ತಿದ್ದಳು. ಕೇಳಿದವರೆಲ್ಲ ತುಟಿಯ ಹಾಲನ್ನೇ ನೆನಪಿಟ್ಟುಕೊಂಡರು.

ಆ ವರ್ಷ ಜನವರಿಯಲ್ಲಿ, ನಮ್ಮ ಕಡೆಯ ನಡುಬೇಸಿಗೆಯಲ್ಲಿ, ಮೊಮ್ಮಗಳು ದಾಲ್ವಾ ಬಂದಳು. ಜೊವಿನಾಳ ಮಗಳು ಎಡಿತ್ ಸಾಲ್ವದೋರ್ ನಗರದಲ್ಲಿ ಒಬ್ಬ ಶ್ರೀಮಂತರ ಮನೆಯ ಅಡುಗೆಯವಳು. ಅಡುಗೆಮನೆಯ ಹಿಂದಿನ ಕೋಣೆಯಲ್ಲೇ ತಾಯಿ ಮಗಳ ವಾಸ. ಆ ಮನೆಯವರು ಬೇಸಿಗೆಗೆಂದು ಸಮುದ್ರದಂಡೆಯ ಇನ್ನೊಂದು ಮನೆಗೆ ಹೊರಟರು. ಅಲ್ಲಿಗೆ ಅಡುಗೆಯವಳು ಬೇಕು, ಅಡುಗೆಯವಳ ಮಗಳು ಬೇಡ. ಎಡಿತ್ ಮಗುವನ್ನು ಸ್ಟೀಮರಿನಲ್ಲಿ ತಂದು ಬಿಟ್ಟು, ಅದೇ ಸ್ಟೀಮರಿಗೆ ಹಿಂದಿರುಗಿದಳು. ಹೊರಡುವ ಮುನ್ನ ಅವಳು ಮಗಳ ಎರಡೂ ಕೈ ಹಿಡಿದು ಕಿವಿಯಲ್ಲಿ ಏನೋ ಹೇಳಿದ್ದನ್ನು ಜೊವಿನಾ ನೋಡಿದಳು. ತಾಯಿ ಮಕ್ಕಳ ಗುಟ್ಟು ಎಂದು ಸುಮ್ಮನಾದಳು.

ಮಗು ಏನನ್ನೂ ತಿನ್ನಲಿಲ್ಲ. ಬೆಂಡೆಕಾಯಿಗೆ ಒಣಸಿಗಡಿ ಹಾಕಿ ಅಜ್ಜಿ ಮಾಡಿದ ಕರುರು ನೋಡಿ ಲೋಳೆ ಎಂದು ಮುಖ ತಿರುಗಿಸಿತು. ಕೆಂಪು ತಾಳೆ ಎಣ್ಣೆಯ ವಾಸನೆಗೆ ಮೂಗು ಮುಚ್ಚಿತು. ಕಾಳಿನ ಸಾರಿಗೆ ಮರಗೆಣಸಿನ ಹಿಟ್ಟು ಕಲಸಿ ತುತ್ತು ಮಾಡಿ ಹಿಡಿದರೆ ಹಲ್ಲು ಕಚ್ಚಿ ಕೂತಿತು. ಬೇಡವೆಂದರೆ ಅಳುವುದಿಲ್ಲ, ರಚ್ಚೆ ಹಿಡಿಯುವುದಿಲ್ಲ, ದವಡೆ ಬಿಗಿಯುತ್ತದೆ, ಮುಗಿಯಿತು. ಪಕ್ಕದ ಮನೆಯ ಅನೀಸಿಯಾಗೆ ಇದು ತಮಾಷೆ. ಜೊವಿನಾ ಅವಳ ಮಗನಿಗೆ ಧರ್ಮತಾಯಿ. ಹಾಗಾಗಿ ನಮ್ಮ ಕಡೆಯ ರೂಢಿಯಂತೆ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ.

“ಯಾರ ಮೊಮ್ಮಗಳು ಹೇಳು ಕೊಮಾದ್ರೆ,” ಎಂದಳು ಅನೀಸಿಯಾ. “ನಿನ್ನ ಹೆದರಿಕೆ ಅವಳ ಹಲ್ಲಿಗೆ ಬಂದು ಕೂತಿದೆ.”

ಜೊವಿನಾಳಿಗೆ ನಗು ಬರಲಿಲ್ಲ. ಮಗುವಿನ ಮಣಿಕಟ್ಟು ಅವಳ ಎರಡು ಬೆರಳ ನಡುವೆ ಹಿಡಿಸುತ್ತಿತ್ತು. ಬಂದದ್ದಕ್ಕಿಂತ ಸಣ್ಣಗಾಗಿ ತಾಯಿಯ ಕೈಗೆ ಹೋದರೆ ಏನು ಹೇಳುವುದು? ಕಡೆಗೂ ಒಂದು ಬೆಳಗ್ಗೆ ದಾಲ್ವಾ ತಾನಾಗಿ ಹಿತ್ತಿಲಿಗೆ ಹೋಗಿ, ಬಿದ್ದ ಮಾವೊಂದನ್ನು ಹಲ್ಲಲ್ಲಿ ಸಿಗಿದು, ಗೊರಟು ಬೆಳ್ಳಗಾಗುವವರೆಗೆ ಚೀಪಿದಳು. ಆಮೇಲೆ ಇನ್ನೊಂದು. ಅಜ್ಜಿಗೆ ಹೋದ ಜೀವ ಬಂದ ಹಾಗಾಯಿತು. ಮಗುವಿನ ಕೈಬಾಯಿ ತಾನೇ ತೊಳೆದು, ಲಂಗದ ಹಳದಿ ಕಲೆಯನ್ನು ಉಜ್ಜಲು ಬಾವಿಕಟ್ಟೆಗೆ ಹೋದಳು. ಮಗು ಬೇರೆ ಲಂಗ ತೊಟ್ಟು ಬೇಲಿ ದಾಟಿ ಅನೀಸಿಯಾಳ ಮನೆಯತ್ತ ಹೋದದ್ದು ಅವಳಿಗೆ ಕಾಣಲಿಲ್ಲ.

ಅನೀಸಿಯಾಗೆ ಒಂದು ಹಸುವಿತ್ತು. ಅವಳು ಆಗತಾನೆ ಹಾಲು ಕಾಸಿ ಇಳಿಸಿದ್ದಳು. ಬಾಗಿಲಲ್ಲಿ ನಿಂತ ಮಗು ಆ ಪಾತ್ರೆಯನ್ನು ನೋಡಿದ ರೀತಿಗೆ ಅವಳ ಕರುಳು ಚುರುಕ್ಕೆಂದಿತು. ಆದರೂ ಕೇಳುವುದನ್ನು ಕೇಳಿದಳು: ಮಾವು ತಿಂದಿದ್ದೀಯಾ? ದಾಲ್ವಾ ಇಲ್ಲವೆಂದು ತಲೆಯಾಡಿಸಿದಳು. ಕೈ ಶುಭ್ರ, ತುಟಿ ಶುಭ್ರ, ಲಂಗ ಶುಭ್ರ. ಏನನ್ನೂ ತಿನ್ನದ ಮಗು ಒಂದೇ ಉಸಿರಿಗೆ ಲೋಟ ಖಾಲಿ ಮಾಡಿತು. ಅನೀಸಿಯಾ ಹಿಗ್ಗಿ, ಸಂಜೆಗಿರಲೆಂದು ಚೊಂಬಿನಲ್ಲಿ ಇನ್ನಷ್ಟು ಹಾಲು ಹಿಡಿದು ಮಗುವನ್ನು ಕೈಹಿಡಿದು ಕರೆತಂದಳು.

“ನಿನ್ನ ರಾಣಿ ಹಾಲು ಕುಡಿದ್ಲು, ನೋಡು,” ಎಂದಳು.

ಜೊವಿನಾ ಬಾವಿಕಟ್ಟೆಯಿಂದ ಎದ್ದಳು. ಹಳದಿ ಕಲೆಯ ಲಂಗ ಅವಳ ಕೈಯಲ್ಲೇ ಇತ್ತು. ಅನೀಸಿಯಾ ಲಂಗ ನೋಡಿದಳು, ಮೆಟ್ಟಿಲ ಮೇಲೆ ಬಿದ್ದಿದ್ದ ಗೊರಟು ನೋಡಿದಳು. ಚೊಂಬು ಕೆಳಗಿಟ್ಟು ಗೋಡೆ ಹಿಡಿದುಕೊಂಡಳು. ಕೇಳಿದ್ದೆ, ನಾನು ಕೇಳಿದ್ದೆ, ಇಲ್ಲ ಅಂದ್ಲು ಎಂದು ಅದನ್ನೇ ಹೇಳತೊಡಗಿದಳು.

ಅವಳನ್ನು ಬೈಯುವಷ್ಟೂ ಶಕ್ತಿ ಜೊವಿನಾಳಲ್ಲಿ ಇರಲಿಲ್ಲ. ಆಸ್ಪತ್ರೆ ಇದ್ದದ್ದು ಹೊಳೆಯಾಚೆಯ ಪಟ್ಟಣದಲ್ಲಿ. ದೋಣಿ ತರಲು ಅನೀಸಿಯಾಳನ್ನು ಅಟ್ಟಿದಳು. ಸಮುದ್ರದ ಇಳಿತ ನಮ್ಮ ಹೊಳೆಯನ್ನೂ ಎಳೆದುಕೊಂಡು ಹೋಗುತ್ತದೆ. ಆ ಹೊತ್ತಿಗೆ ನೀರು ಇಳಿದು ದೋಣಿಗಳೆಲ್ಲ ಕೆಸರಲ್ಲಿ ಕೂತಿದ್ದವು. ನೀರು ಏರುವವರೆಗೆ ದಡದಲ್ಲಿ ಕಾಯುವುದೊಂದೇ ದಾರಿಯೆಂದು ಬೇಲಿಯಾಚೆಯಿಂದಲೇ ಕೂಗಿ ಹೇಳಿ ಅನೀಸಿಯಾ ಓಡಿದಳು.

ಅಜ್ಜಿ ಕಹಿಸೊಪ್ಪು ಕಿತ್ತು ತಂದು ಕಷಾಯ ಕಾಸಿದಳು. ಕುಡಿದರೆ ವಾಂತಿಯಾಗಬೇಕು, ವಾಂತಿಯಾದರೆ ಉಳಿಯಬಹುದು. ದಾಲ್ವಾ ವಾಸನೆ ನೋಡಿದಳು, ಹಲ್ಲು ಕಚ್ಚಿದಳು. ಅಜ್ಜಿ ಬೇಡಿದಳು, ಗದರಿದಳು, ಮೂಗು ಹಿಡಿದಳು. ಆ ಪುಟ್ಟ ದವಡೆ ಬಿಡಲಿಲ್ಲ. ಕಷಾಯ ಗಲ್ಲದಿಂದ ಇಳಿದು ಎದೆಯೆಲ್ಲ ಒದ್ದೆಯಾಯಿತು.

“ಹೇಳು ಕೂಸೇ, ಮಾವು ತಿಂದು ಇಲ್ಲ ಅಂತ ಯಾಕಂದೆ?”

ಮಗು ಒದ್ದೆ ಎದೆಯನ್ನು ಲಂಗದ ಅಂಚಿನಿಂದ ಒರೆಸಿಕೊಂಡಿತು.

“ಹೊಟ್ಟೆ ನೋಯ್ತಿದ್ಯಾ?”

ಮಗು ಅಜ್ಜಿಯ ಕಣ್ಣನ್ನು ನೋಡಿ ಹೆದರಿ, ಹೌದೆಂದು ತಲೆಯಾಡಿಸಿತು. ಹಣೆಯಲ್ಲಿ ಬೆವರಿತ್ತು. ಜನವರಿಯ ಮಧ್ಯಾಹ್ನ, ಹೆಂಚಿನ ಕೆಳಗೆ ಯಾರಿಗೆ ಬೆವರುವುದಿಲ್ಲ? ಆದರೆ ಜೊವಿನಾಳ ಕಣ್ಣಿಗೆ ಅದು ಸಾವಿನ ಬೆವರು. ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು, ಮೂಗಿನ ಮುಂದೆ ಬೆರಳು ಹಿಡಿದು ಕೂತಳು. ಬಾಗಿಲಿಂದ ಒಳಬಿದ್ದ ಬಿಸಿಲು ನೆಲದ ಮೇಲೆ ಸರಿಯುತ್ತಿತ್ತು. ಅದು ಗೋಡೆ ಮುಟ್ಟಿದರೆ ಸಂಜೆ. ಅಷ್ಟರೊಳಗೆ ನೀರು ಏರೀತೇ? ಆ ಬಿಸಿಲಿನ ತುಂಡನ್ನು ಕಾಲಲ್ಲಿ ಒತ್ತಿ ನಿಲ್ಲಿಸಬೇಕೆಂದು ಅವಳಿಗೆ ಅನ್ನಿಸಿತು.

ಅದು ಗೋಡೆಯ ಬುಡಕ್ಕೆ ಬಂದಾಗ ಜೊವಿನಾ ಎದ್ದಳು. ಬುಟ್ಟಿಯಿಂದ ಮಾವೊಂದನ್ನು ತೆಗೆದಳು. ಸಂತ ರೋಕನ ಪಟದ ಮುಂದೆ ನಿಂತು ಶಿಲುಬೆ ಗುರುತು ಹಾಕಿಕೊಂಡು, ಸಿಪ್ಪೆಯನ್ನೂ ಸುಲಿಯದೆ ಗಬಗಬ ತಿಂದಳು. ಅನೀಸಿಯಾ ಬಿಟ್ಟುಹೋದ ಚೊಂಬನ್ನು ಎರಡೂ ಕೈಯಲ್ಲಿ ಎತ್ತಿದಳು. ಚೊಂಬಿನ ಅಂಚು ಹಲ್ಲಿಗೆ ಕಟಕಟ ಬಡಿಯಿತು.

“ಹೆದರ್ಬೇಡ ಮಗಾ,” ಎಂದಳು. “ಆ ದಾರೀಲಿ ನಿನ್ನೊಬ್ಬಳನ್ನೇ ಕಳಿಸಲ್ಲ. ನಾನೂ ಬರ್ತೀನಿ.”

ಅರ್ಧ ಚೊಂಬು ಕುಡಿದು ಚಾಪೆಯ ಮೇಲೆ ಕುಸಿದು, ಮಗುವನ್ನು ತೊಡೆಗೆಳೆದುಕೊಂಡು ಕಣ್ಣು ಮುಚ್ಚಿದಳು. ಎಲ್ಲಿಂದ ಶುರುವಾಗುತ್ತದೋ? ಹೊಟ್ಟೆಯಿಂದಲೋ, ಎದೆಯಿಂದಲೋ? ನಾಲಿಗೆಯ ಮೇಲೆ ಹಣ್ಣು ಹಾಲು ಬೆರೆತು ನಿಂತಿತ್ತು. ಅಷ್ಟು ರುಚಿಯಾದದ್ದನ್ನು ಅವಳು ಜನ್ಮದಲ್ಲಿ ತಿಂದಿರಲಿಲ್ಲ. ಸಾಯುವ ಹೊತ್ತಿನಲ್ಲಿ ಇದೆಂಥ ಆಸೆಯೆಂದು ಅವಳಿಗೆ ನಾಚಿಕೆಯಾಯಿತು.

ದಾಲ್ವಾ ಅಜ್ಜಿಯ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

“ಅಜ್ಜೀ, ನೀನೂ ಕದ್ದು ಕುಡಿತೀಯಾ?”

ಜೊವಿನಾ ಕಣ್ಣು ತೆರೆದಳು.

“ನಾನೂ ಅಮ್ಮಾವ್ರ ಮನೇಲಿ ದಿನಾ ಕುಡಿತೀನಿ. ಹಾಲಿಗೆ ಮಾವು ಹಾಕಿ ಗುರ್ ಅಂತ ತಿರುಗಿಸ್ತಾರೆ, ಅವರ ಮಕ್ಕಳಿಗೆ. ಜಾಡಿ ತೊಳೆಯೋ ಮುಂಚೆ ಅಮ್ಮ ತಳದಲ್ಲಿರೋದು ನಂಗೆ ಕೊಡ್ತಾಳೆ. ಏನು ತಿಂದೆ ಅಂತ ಯಾರು ಕೇಳಿದ್ರೂ ಏನೂ ಇಲ್ಲ ಅನ್ಬೇಕು.”

ಅದಕ್ಕೇ ಮಗು ಅನೀಸಿಯಾಳಿಗೆ ಇಲ್ಲವೆಂದಿತ್ತು. ಅಜ್ಜಿ ಮಧ್ಯಾಹ್ನವೆಲ್ಲ ಏನು ತಿಂದೆ, ಯಾಕೆ ಸುಳ್ಳು ಹೇಳಿದೆ ಎಂದು ಜಗ್ಗಾಡಿದಾಗ ಕಳ್ಳತನ ಸಿಕ್ಕಿಬಿತ್ತೆಂದೇ ಅದು ನಡುಗುತ್ತಿತ್ತು. ಈಗ ಅಜ್ಜಿಯೂ ಕಳ್ಳಿಯೆಂದು ತಿಳಿದು ಅದರ ಬಾಯಿ ಬಿಚ್ಚಿತು. ಸುಮ್ಮನೆ ಅಲ್ಲ, ಧಾರಾಳವಾಗಿ ಬಿಚ್ಚಿತು. ಅಮ್ಮಾವ್ರು ಹಾಲಿನ ಬಾಟಲಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿಡುತ್ತಾರೆ. ತಣ್ಣನೆಯ ಪೆಟ್ಟಿಗೆಗೆ ಬೀಗ ಹಾಕುತ್ತಾರೆ. ಬೀಗದ ಕೈ ಅವರ ಸೊಂಟದಲ್ಲೇ.

“ಒಂದ್ಸಲ ಜಾಡಿ ನನ್ನ ಕೈಲಿದ್ದಾಗ ಅವರು ಬಂದ್ಬಿಟ್ರು,” ಎಂದಳು ದಾಲ್ವಾ. “ಆಮೇಲೆ ಅಮ್ಮನ್ನ…”

“ಅಮ್ಮನ್ನ ಏನ್ಮಾಡಿದ್ರು?”

ಮಗುವಿನ ದವಡೆ ಬಿಗಿಯಿತು. ಕರುರು ಕಂಡಾಗ, ಕಷಾಯ ಕಂಡಾಗ ಹೇಗೋ ಹಾಗೆಯೇ. ಇದನ್ನು ಹೇಳುವುದಿಲ್ಲವೆಂದರೆ ಹೇಳುವುದಿಲ್ಲ. ತೋರುಬೆರಳಿನಿಂದ ತನ್ನದೇ ಬೆನ್ನನ್ನು ಒಮ್ಮೆ ಮುಟ್ಟಿಕೊಂಡು ಕೈ ಇಳಿಸಿತು.

ನೆಲದ ಬಿಸಿಲು ಗೋಡೆ ಹತ್ತಿ, ಕೆಂಪಾಗಿ, ಇಲ್ಲವಾಯಿತು. ಮಗುವಿಗೇನೂ ಆಗಲಿಲ್ಲ. ಅಜ್ಜಿಗೂ ಏನೂ ಆಗಲಿಲ್ಲ. ಅನೀಸಿಯಾ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಓಡಿಬಂದಳು. ನೀರು ಏರಿದೆ, ದೋಣಿ ಕಾಯುತ್ತಿದೆ ಎಂದಳು. ತಳದಲ್ಲಿ ಹಾಲಿದ್ದ ಚೊಂಬು, ಪಕ್ಕದಲ್ಲಿ ಹಸಿ ಗೊರಟು, ಜೊವಿನಾಳ ತುಟಿ ನೋಡಿ ಅವಳ ಮಾತು ಅಲ್ಲೇ ನಿಂತಿತು.

“ಅನೀಸಿಯಾ,” ಎಂದಳು ಜೊವಿನಾ, “ಸಿಮಾವ್‌ಗೆ ಗೋಣಿ ಯಾಕೆ ಹೊದಿಸಿದ್ರು?”

“ಯಾವ ಸಿಮಾವ್? ನಿನ್ನಜ್ಜಿ ಕಥೆಯವನಾ?”

“ಹಾಲು ಕುಡಿದು ಸತ್ತ ಅಂತ ತೋರ್ಸೋಕೆ ಬಾಯಿ ಸಾಕಿತ್ತಲ್ಲ. ಬೆನ್ನು ಯಾಕೆ ಮುಚ್ಚಿದ್ರು?”

ಅನೀಸಿಯಾ ಮೆಲ್ಲಗೆ ಹೊಸ್ತಿಲ ಮೇಲೆ ಕೂತು ಕೆಸರು ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಹಾಲು ಕದ್ದವನನ್ನು ಹೊಡೆದು ಕೊಂದು, ಕೊಂದದ್ದು ಹಾಲೇ ಎಂದು ಹೇಳಿ, ಇಷ್ಟು ಜನ ತಾಯಂದಿರ ಕೈಯಿಂದ ಇಷ್ಟು ಕಾಲ ತಮ್ಮ ಹಾಲಿಗೆ ಕಾವಲು ಕಾಯಿಸಿಕೊಂಡರಲ್ಲ ಆ ದೊಡ್ಡಮನೆಯವರು! ಮಣ್ಣಿಗೆ ಸುರಿದ ಹಾಲು ಜೊವಿನಾಳ ಕಣ್ಣಮುಂದೆ ಬಂತು. ಅದರತ್ತ ಕೈ ಚಾಚಿ ನಿಂತಿದ್ದ ಚಿಕ್ಕ ಎಡಿತ್ ಬಂದಳು. ಆಗ ಜೊವಿನಾ ಅತ್ತಳು. ಇಡೀ ಮಧ್ಯಾಹ್ನ ಅಳದವಳು, ಸಾವಿಗೆ ಕಾದು ಕೂತಾಗಲೂ ಅಳದವಳು, ಈಗ ಅತ್ತಳು.

ಅಳು ಬೇಗ ನಿಂತಿತು, ಯಾಕೆಂದರೆ ಇನ್ನೊಂದು ಹೆದರಿಕೆ ಬಂದು ಕೂತಿತ್ತು. ಇದು ಫೆಲಿಪಾ ಹೇಳಿದ ಕಥೆಯಿಂದ ಬಂದದ್ದಲ್ಲ. ಎಡಿತ್ ಈ ಹೊತ್ತಿಗೂ ಸಮುದ್ರದಂಡೆಯ ಆ ಮನೆಯಲ್ಲಿದ್ದಳು. ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿತ್ತು.

ದೋಣಿಯವನನ್ನು ವಾಪಸು ಕಳಿಸಲೇ ಎಂದು ಅನೀಸಿಯಾ ಕೇಳಿದಳು.

“ಬೇಡ,” ಎಂದಳು ಜೊವಿನಾ. “ಆಚೆ ದಡದಿಂದ ಸ್ಟೀಮರ್ ಹತ್ತಬೇಕು.”

ಹುಟ್ಟಿದಾಗಿನಿಂದ ಹೊಳೆ ದಾಟಿದವಳಲ್ಲ. ಚೊಂಬಿನಲ್ಲಿ ಉಳಿದ ಹಾಲನ್ನು ದಾಲ್ವಾಳಿಗೆ ಕುಡಿಸಿ, ದಾರಿಗೆಂದು ಮಾವಿನಹಣ್ಣು ಬಟ್ಟೆಯಲ್ಲಿ ಕಟ್ಟಿಕೊಂಡು, ಮಗುವಿನ ಕೈ ಹಿಡಿದು, ಮಗಳನ್ನು ಕರೆತರಲು ಇಳಿದು ಹೋದಳು.