ಗೋಡೆಯಿಲ್ಲದ ಚುಕ್ಕೆ ಮತ್ತು ಮೂಕಮ್ಮ

ಹೊಸನಗರದ ಕಾಲೇಜೊಂದರ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಮೂಕಮ್ಮ ಹತ್ತೊಂಬತ್ತು ವರ್ಷದಿಂದ ಅಟೆಂಡರ್. ಹೆಸರಿಗಷ್ಟೇ ಮೂಕಮ್ಮ, ಅವರು ಬಾಯಿ ತೆರೆದರೆ ಪ್ರಾಂಶುಪಾಲ ಸೀತಾರಾಮಪ್ಪನವರೂ ದಾರಿ ಬದಲಿಸುತ್ತಿದ್ದರು. ಗಾಜಿನ ಸ್ಲೈಡ್ ತೊಳೆಯುವುದು, ಈರುಳ್ಳಿ ಸಿಪ್ಪೆಗೆ ಬಣ್ಣ ಹಾಕಿಡುವುದು ಅವರ ಕೆಲಸ. ಯಾರೂ ಇಲ್ಲದಾಗ ಮೈಕ್ರೋಸ್ಕೋಪಿನಲ್ಲಿ ಇಣುಕುವುದು ಅವರಾಗಿಯೇ ವಹಿಸಿಕೊಂಡದ್ದು.

ಒಂದು ದಿನ ಹಾಗೆ ಇಣುಕುತ್ತಿದ್ದಾಗ ಮೂಕಮ್ಮ ಉಪನ್ಯಾಸಕಿ ಶ್ಯಾಮಲಾ ಕೈಗೆ ಸಿಕ್ಕಿಬಿದ್ದರು. ಬೈಗುಳ ಬರುವ ಮೊದಲೇ ಪ್ರಶ್ನೆ ಎಸೆದರು: "ಮೇಡಂ, ಕೋಶದೊಳಗಿನ ಉಂಡೆ ನ್ಯೂಕ್ಲಿಯಸ್ ಅಂತ ಗೊತ್ತು. ಅದ್ರೊಳಗೆ ಮತ್ತೊಂದು ಚುಕ್ಕೆ ಕಾಣ್ತದಲ್ಲ, ಅದೆಂತದು?"

"ನ್ಯೂಕ್ಲಿಯೋಲಸ್. ಅದಕ್ಕೆ ಸುತ್ತ ಪೊರೆ ಇಲ್ಲ. ಅಲ್ಲಿ ಆರ್‌ಎನ್‌ಎ ತಯಾರಾಗ್ತಿದ್ದ ಹಾಗೆ ಪ್ರೋಟೀನ್‌ಗಳು ಬಂದು ಅಂಟಿಕೊಂಡು, ಹನಿ ಥರ ಗುಂಪಾಗ್ತವೆ. ಕೋಶ ಇಬ್ಭಾಗ ಆಗುವಾಗ ತಯಾರಿ ನಿಲ್ತದೆ, ಗುಂಪೂ ಚದುರ್ತದೆ."

"ಯಾರೂ ಸಾಲು ನಿಲ್ಸದೇನೇ? ನಮ್ ಮಕ್ಳು ಪ್ರಾರ್ಥನೆಗೇ ಸೇರಲ್ಲ ಮೇಡಂ."

ಮೂಕಮ್ಮ ನಂಬಲಿಲ್ಲವೆಂದೇ ಶ್ಯಾಮಲಾ ವಿಜ್ಞಾನ ದಿನಕ್ಕೆ ಇದನ್ನು ಮೈದಾನದಲ್ಲಿ ಆಡಿಸಿ ತೋರಿಸಲು ಹೊರಟರು. ಐದು ಹುಡುಗಿಯರಿಗೆ 'ಆರ್‌ಎನ್‌ಎ' ಚೀಟಿ, ಅರವತ್ತು ವಿದ್ಯಾರ್ಥಿಗಳಿಗೆ 'ಪ್ರೋಟೀನ್' ಚೀಟಿ. ಐವರು ಮೈದಾನದ ಮಧ್ಯೆ ನಿಂತರೆ ಉಳಿದವರು ತಾವಾಗಿಯೇ ಬಂದು ಸುತ್ತ ಗುಂಪಾಗಬೇಕು. ಅತಿಥಿಗಳು ಬಂದು ಕುಳಿತರು. ಪ್ರೋಟೀನ್‌ಗಳು ಮಾತ್ರ ಕಾಂಪೌಂಡಿನ ನೆರಳು ಬಿಟ್ಟು ಅಲ್ಲಾಡಲಿಲ್ಲ. ಸೀತಾರಾಮಪ್ಪ ಸೀಟಿ ಊದಿದರು. ಪ್ರೋಟೀನ್‌ಗಳು ನೆರಳಿನಲ್ಲೇ ಇನ್ನಷ್ಟು ಹಿಂದಕ್ಕೆ ಸರಿದವು.

ಮೂಕಮ್ಮ ಒಳಗೆ ಹೋಗಿ ಡಬ್ಬಿ ತಂದರು. ಐವರ ಕೈಗೂ ಮನೆಯಲ್ಲಿ ಕರಿದ ಬಾಳೆಕಾಯಿ ಚಿಪ್ಸ್ ಸುರಿದು ಪಿಸುಗುಟ್ಟಿದರು: "ಮಧ್ಯದಲ್ಲಿ ನಿಂತ್ಕಂಡು ಕುರುಂ ಕುರುಂ ತಿನ್ನಿ. ಯಾರನ್ನೂ ಕರೀಬೇಡಿ."

ಎರಡೇ ನಿಮಿಷ. ಅರವತ್ತೂ ಪ್ರೋಟೀನ್‌ಗಳು ಒಂದೇ ಮುದ್ದೆ! ಶ್ಯಾಮಲಾ ಓಡಿಹೋಗಿ ಮೈಕ್ ಹಿಡಿದರು. ಅತಿಥಿಗಳು ಚಪ್ಪಾಳೆ ತಟ್ಟಿದರು. ಚಿಪ್ಸ್ ಮುಗಿದದ್ದೇ ಮುದ್ದೆ ಸಡಿಲವಾಗಿ, ನಟ್ಟನಡುವಿನಿಂದ ಸೀತಾರಾಮಪ್ಪ ಹೊರಬಂದರು. ಸೀಟಿ ಕೈಯಲ್ಲಿತ್ತು, ಊದಲು ಬಾಯಲ್ಲಿ ಜಾಗವಿರಲಿಲ್ಲ.

"ಕೋಶ ವಿಭಜನೆ ಶುರುವಾಯ್ತು!" ಎಂದು ಶ್ಯಾಮಲಾ ಮೈಕಿನಲ್ಲಿ ಕೂಗಿದರು.

ಆಮೇಲೆ ಡಬ್ಬಿ ತೊಳೆಯುತ್ತಿದ್ದ ಮೂಕಮ್ಮನ ಬಳಿ ಬಂದು, "ಕೋಶದಲ್ಲಿ ಚಿಪ್ಸ್ ಎಲ್ಲಿರ್ತದೆ ಮೂಕಮ್ಮಾ?" ಎಂದು ನಕ್ಕರು.

"ಸುಮ್ಸುಮ್ನೆ ಯಾರು ಅಂಟ್ಕತಾರೆ ಮೇಡಂ? ಅಲ್ಲೂ ಎಂತದೋ ಒಂದು ರುಚಿ ಇರ್ಲೇಬೇಕು."



ಮರುದಿನ ಪ್ರಾಂಶುಪಾಲರಿಂದ ಮೆಮೊ ಬಂತು: 'ಕಾರ್ಯಕ್ರಮದ ನಡುವೆ ಅನುಮತಿಯಿಲ್ಲದೆ ತಿಂಡಿ ಹಂಚಿದ್ದೇಕೆ?' ಮೂಕಮ್ಮ ಅದರ ಕೆಳಗೇ ಬರೆದುಕೊಟ್ಟರು: 'ಹಂಚಿದ್ದು ಐದು ಹುಡುಗಿಯರಿಗೆ ಮಾತ್ರ. ಉಳಿದವರು ತಾವಾಗಿಯೇ ಬಂದರು. ಅವರ ಹೆಸರಿನ ಪಟ್ಟಿ ಬೇಕಿದ್ದರೆ ಕೊಡುತ್ತೇನೆ.'

ಸೀತಾರಾಮಪ್ಪ ಎರಡು ಸಲ ಓದಿದರು. ಫೈಲಿಗೆ ಸೇರಿಸದೆ, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.