ಸೀರೆ ಅಂಚಿನ ಚೊಂಬು

ನಾನು ನಿನಗೆ ಸುಳ್ಳು ಹೇಳಿದ್ದೆ, ಗೋಪಾಲ. ನಮ್ಮ ಕಲಾಶಾಲೆಯ ಮೇಷ್ಟ್ರು ನಿನ್ನ ಚಿತ್ರವನ್ನು ಹೀಗಳೆಯಲಿಲ್ಲ. ‘ಇದು ಚಿತ್ರ ಅಲ್ಲ, ಸೀರೆ ಅಂಚು’ ಎಂಬ ಮಾತು ಅವರದಲ್ಲ — ನನ್ನದು. ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಬರುವ ಬಸ್ಸಿನಲ್ಲಿ ಕೂತು, ರಾಜಾನುಕುಂಟೆ ದಾಟುವಷ್ಟರಲ್ಲಿ ನಾನೇ ಕಟ್ಟಿದ ಮಾತು. ಇಷ್ಟು ವರ್ಷ ಅದನ್ನು ನೀನು ನಿಜವೆಂದೇ ನಂಬಿದೆ, ನಾನು ನಂಬಲು ಬಿಟ್ಟೆ.

ಆಗ ನಾನು ಕಲಾಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನೀನು ನಿಮ್ಮಪ್ಪನ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ನೋಡಿಕೊಳ್ಳುತ್ತ, ಸೀರೆ ಅಂಚಿನ ಡಿಸೈನುಗಳನ್ನು ಗ್ರಾಫ್ ಕಾಗದದ ಚೌಕಗಳಲ್ಲಿ ತುಂಬಿಸಿ ಬರೆಯುತ್ತಿದ್ದೆ. ಒಂದೇ ಬೀದಿಯವರು, ಒಂದೇ ಬೆಂಚಿನಲ್ಲಿ ಓದಿದವರು. ನಮ್ಮಿಬ್ಬರಲ್ಲಿ ಚಿತ್ರಗಾರ ನಾನು ಎಂದು ಬೀದಿಯೇ ಒಪ್ಪಿತ್ತು — ನಾನಂತೂ ಎಲ್ಲರಿಗಿಂತ ಮೊದಲೇ ಒಪ್ಪಿಕೊಂಡಿದ್ದೆ. ನಾನು ಬರೆದ ಹಿತ್ತಾಳೆ ಚೊಂಬಿನ ಹೊಳಪು ನೋಡಿ ನಿಮ್ಮಮ್ಮ, “ಎತ್ಕೊಂಡು ನೀರೇ ಕುಡೀಬೋದು ಕಣಪ್ಪಾ” ಅನ್ನುತ್ತಿದ್ದರು. ಆ ಮಾತಿಗೆ ನಾನು ಉಬ್ಬಿಹೋಗಿದ್ದೆ.

ನಿನ್ನೆದುರು ಜಂಬ ಕೊಚ್ಚಲೆಂದೇ ಒಂದು ದಿನ ಕಲಾಶಾಲೆಯಿಂದ ಹಳೆಯ ಪುಸ್ತಕವೊಂದನ್ನು ತಂದೆ. ಇಪ್ಪತ್ತನೆಯ ಶತಮಾನದ ಶುರುವಿನಲ್ಲಿ ಹೊರದೇಶದವರು ಬರೆದ ಚಿತ್ರಗಳು — ಮೇಜಿನ ಮೇಲೆ ಹೂಜಿ, ಬಾಟಲಿ, ಹಣ್ಣು; ಎಲ್ಲವನ್ನೂ ಮೂಲೆಮೂಲೆಯಾಗಿ ಒಡೆದು, ಮುಂದಿನದೂ ಹಿಂದಿನದೂ ಒಟ್ಟಿಗೇ ಕಾಣುವ ಹಾಗೆ ಜೋಡಿಸಿದ್ದು. ಪರೀಕ್ಷೆಗೆ ಬೇಕಾದಷ್ಟು ನನಗೆ ಗೊತ್ತಿತ್ತು, ಅಷ್ಟನ್ನೂ ನಿನಗೆ ಒಪ್ಪಿಸಿದೆ. ನೀನು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನಕ್ಕುಬಿಟ್ಟೆ.

“ಅರ್ಧಕ್ಕೇ ನಿಲ್ಲಿಸ್ಬಿಟ್ಟವ್ನೆ ಕಣೋ ಇವ್ನು. ಹೂಜಿ ಇನ್ನೂ ಹೂಜಿ ಥರಾನೇ ಕಾಣ್ತಾ ಐತಲ್ಲ!”

ನಿನ್ನ ಕೊಬ್ಬೂ ಆಗ ಕಡಿಮೆಯಿರಲಿಲ್ಲ ಬಿಡು.

ಆಮೇಲೆ ಕರೆಂಟ್ ಹೋದಾಗಲೆಲ್ಲ ನೀನು ಬಣ್ಣ ಹಿಡಿದು ಕೂತೆ. ಆ ಕಾಲದಲ್ಲಿ ಕರೆಂಟ್ ಹೋಗುವುದಕ್ಕೇನೂ ಬರವಿರಲಿಲ್ಲ. ಮಗ್ಗಗಳೆಲ್ಲ ನಿಂತು ಬೀದಿಗೆ ಬೀದಿಯೇ ಸುಮ್ಮನಾದ ಹೊತ್ತಿನಲ್ಲಿ, ಶೆಡ್ಡಿನ ಕಿಟಕಿಯಲ್ಲಿಟ್ಟ ಅದೇ ಚೊಂಬು, ಮಗ್ಗದ ಒಂದು ಲಾಳಿ, ಅರ್ಧ ಕತ್ತರಿಸಿದ ಪರಂಗಿ ಹಣ್ಣು. ಮೊದಲ ಚಿತ್ರದಲ್ಲಿ ನೀನು ಹೊಳಪನ್ನು ಬಿಟ್ಟೆ. ಮುಂದಿನದರಲ್ಲಿ ನೆರಳನ್ನೂ ಬಿಟ್ಟೆ. ಆಮೇಲೆ ಚೊಂಬಿನ ದುಂಡು ಹೊಟ್ಟೆ ಗ್ರಾಫಿನ ಮೆಟ್ಟಿಲುಗಳಾಯಿತು. ಕೊನೆಯದರಲ್ಲಿ ಚೊಂಬಿಲ್ಲ, ಲಾಳಿಯಿಲ್ಲ, ಹಣ್ಣಿಲ್ಲ — ಒಂದು ಅರ್ಧವೃತ್ತ, ಒಂದು ಉದ್ದನೆಯ ತ್ರಿಕೋನ, ಕೇಸರಿಯ ಪಕ್ಕದಲ್ಲೊಂದು ನೀಲಿ ಪಟ್ಟಿ. ಆದರೂ ಅದರ ಮುಂದೆ ನಿಂತರೆ ನಿಮ್ಮ ಶೆಡ್ಡಿನ ಆ ಕಿಟಕಿಯೇ, ಮಗ್ಗ ನಿಂತಾಗಿನ ಆ ಸುಮ್ಮನಿರುವಿಕೆಯೇ... ನನಗೆ ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಮರ್ಯಾದಸ್ಥ ಮಾತು ಹುಡುಕಲಾರೆ.

“ನಿಮ್ ಮೇಷ್ಟ್ರಿಗೆ ತೋರ್ಸು ಗುರು” ಎಂದು ನೀನೇ ಅದನ್ನು ನನ್ನ ಕೈಗಿಟ್ಟೆ. ತೋರಿಸಿದೆ — ಅವರು ಬಯ್ಯಲಿ ಎಂಬ ಆಸೆಯಿಂದಲೇ ತೋರಿಸಿದೆ. ಮೇಷ್ಟ್ರು ಅದನ್ನು ಗೋಡೆಗೆ ಒರಗಿಸಿ, ಕೈಯಲ್ಲಿದ್ದ ಟೀ ಆರಿಹೋಗುವವರೆಗೂ ನೋಡಿದರು. “ಯಾರದಿದು? ಸೋಮವಾರ ಕರ್ಕೊಂಡ್ ಬನ್ನಿ ಅವರನ್ನ. ಹೇಗಾದ್ರೂ ಮಾಡಿ ಸೇರಿಸ್ಕೋತೀನಿ” ಎಂದರು. ಪಕ್ಕದಲ್ಲೇ ನನ್ನ ಹೊಳೆಯುವ ಚೊಂಬಿತ್ತು. ಅದರ ಕಡೆ ತಿರುಗಿ “ನೀಟಾಗಿದೆ” ಎಂದರು. ಅಷ್ಟೇ.

ಸಂಜೆ ಶೆಡ್ಡಿನ ಬಾಗಿಲಲ್ಲಿ ನೀನು ನನಗಾಗಿ ಕಾಯುತ್ತಿದ್ದೆ. ಕರೆಂಟ್ ಹೋಗಿತ್ತು.

“ಏನಂದ್ರೋ?”

“ಇದು ಚಿತ್ರ ಅಲ್ವಂತೆ ಕಣೋ. ಸೀರೆ ಅಂಚಂತೆ. ಎಸೆದ್ಬಿಟ್ರು.”

ನಿನ್ನ ಮುಖ — ಬೇಡ, ಅದನ್ನು ವರ್ಣಿಸುವ ಯೋಗ್ಯತೆ ನನಗಿಲ್ಲ. ನೀನು ಇನ್ನೇನೋ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕರೆಂಟ್ ಬಂತು, ಮಗ್ಗಗಳೆಲ್ಲ ಒಟ್ಟಿಗೇ ಬಡಿದುಕೊಳ್ಳತೊಡಗಿದವು, ನೀನು ಒಳಗೆ ಹೋದೆ. ಆ ಸದ್ದಿನಲ್ಲಿ ನಾನು ಬಚಾವಾದೆ. ಸೋಮವಾರ ಮೇಷ್ಟ್ರಿಗೆ “ಅವನಿಗೆ ಇಷ್ಟವಿಲ್ಲವಂತೆ ಸಾರ್” ಎಂದೆ. ನಿನ್ನ ಚಿತ್ರ ನಮ್ಮ ಮನೆಯ ಬೀರುವಿನ ಹಿಂದೆ ಸೇರಿತು.

ನೀನು ನನ್ನ ಮೇಲೆ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನನ್ನ ಮದುವೆಗೆ ಬಂದು ನನ್ನ ಹೆಂಡತಿಯ ಕೈಗೊಂದು ಸೀರೆ ಕೊಟ್ಟೆಯಲ್ಲ — ಅಂಚಿನ ಉದ್ದಕ್ಕೂ ಅದೇ ಅರ್ಧವೃತ್ತ, ಅದೇ ತ್ರಿಕೋನ, ಅದೇ ನೀಲಿ ಪಟ್ಟಿ. “ನಿಮ್ ಮೇಷ್ಟ್ರು ಹೇಳಿದ್ದೇ ಸರಿ ಗುರು. ಅಂಚಿಗೇ ಹಾಕ್ಬಿಟ್ಟೆ. ಅಂಗಡಿಯೋರು ಕೇಳಿ ಕೇಳಿ ತಗೊಂಡೋಗ್ತಾರೆ. ನಿನ್ನಿಂದ ಆಯ್ತು ಕಣೋ” ಎಂದು ನನ್ನ ಬೆನ್ನು ತಟ್ಟಿದೆ. ಆ ಕೃತಜ್ಞತೆಯನ್ನೂ ನಾನು ಮುಯ್ಯಿಯ ಜೊತೆಗೇ ಇಸಿದುಕೊಂಡೆ. ಬಸ್ಸಿನಲ್ಲಿ, ಘಾಟಿ ಜಾತ್ರೆಯಲ್ಲಿ, ಯಾರ್ಯಾರದೋ ಕಾಲ ಬಳಿ ಆ ಅಂಚು ಧೂಳು ಗುಡಿಸುತ್ತ ಹೋಗುವುದನ್ನು ನೋಡಿದ್ದೇನೆ. ಯಾಕೆ ಮತ್ತೆ ಚಿತ್ರ ಬರೆಯಲಿಲ್ಲ ಎಂದು ಒಮ್ಮೆ ಕೇಳಿಯೂ ಕೇಳಿದೆ — ಯಾವ ಮುಖ ಇಟ್ಟುಕೊಂಡು ಕೇಳಿದೆನೋ! “ಅದು ನಿಮ್ಮಂಥೋರ ಕೆಲ್ಸ ಬಿಡು. ನಂದೇನಿದ್ರೂ ಅಂಚು” ಎಂದುಬಿಟ್ಟೆ ನೀನು. ಈಗ ಕರೆಂಟ್ ಹೋದರೆ ನೀನು ಇಸ್ಪೀಟು ಹಾಕುತ್ತೀಯ. ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾಗಿ, ಪ್ರತಿ ವರ್ಷವೂ ಮಕ್ಕಳಿಗೆ ಚೊಂಬಿನ ಹೊಳಪು ಹೇಳಿಕೊಡುತ್ತೇನೆ.

ಹೋದ ಭಾನುವಾರ ನೀನು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದೆಯಲ್ಲ, ಚಿತ್ರ ಹೇಳಿಕೊಡು ಎಂದು — ಅದಕ್ಕೇ ಇದನ್ನು ಬರೆಯುತ್ತಿರುವುದು. ಲೋಟ ಮತ್ತು ಬಾಳೆಹಣ್ಣನ್ನು ಮುಂದಿಟ್ಟು ಬರೆ ಎಂದೆ. ಅವಳು ಒಂದು ಚೌಕ ಬರೆದು, ಅದರ ಹೆಗಲಿಗೆ ವಾಲಿದ ಹಳದಿ ಕಮಾನೊಂದನ್ನು ಎಳೆದಳು. ನೀನು ಬಗ್ಗಿ ನೋಡಿ ನಕ್ಕೆ. “ಇದು ಚಿತ್ರ ಅಲ್ಲ ಕಣಮ್ಮ, ಸೀರೆ ಅಂಚು. ಬೇಕಾದ್ರೆ ಮೇಷ್ಟ್ರನ್ನೇ ಕೇಳು” ಎಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನನ್ನದೊಂದು ಮಾತು ಸಾಕಿತ್ತು. ನಾನು ರಬ್ಬರ್ ತೆಗೆದು ಅವಳ ಕೈಗೆ ಕೊಟ್ಟೆ.

ಬೀರುವನ್ನು ಜರುಗಿಸಿ ನಿನ್ನ ಚಿತ್ರವನ್ನು ಹೊರಗೆ ತೆಗೆದಿದ್ದೇನೆ. ಒಂದು ಮೂಲೆ ಗೆದ್ದಲು ತಿಂದಿದೆ, ನೀಲಿ ಹಾಗೇ ಇದೆ. ನಾಳೆ ತರುತ್ತೇನೆ. ನಿನ್ನ ಮಗಳೂ ಇರಬೇಕು, ಆ ಮಾತು ನನ್ನದೆಂದು ಅವಳೆದುರಿಗೇ ಹೇಳಬೇಕು. ಕ್ಷಮಿಸು ಎಂದು ಕೇಳುವುದಕ್ಕೆ ಬರುತ್ತಿಲ್ಲ. ಮಗ್ಗಗಳು ಓಡುತ್ತಿದ್ದರೆ ಬಾಗಿಲಲ್ಲೇ ನಿಂತಿರುತ್ತೇನೆ — ಕರೆಂಟ್ ಹೋಗುವವರೆಗೂ.